ವಿ-ಕ್ರಾಸ್ ಮೂತಿ ತಗ್ಗಿಗೆ ಅದ: ಕಚ್ಚಿನ ಶಾಕ್ ಹಾಕಿ ಎಷ್ಟು ಎತ್ತಬೇಕು?

ಆಳಂದ_ಪಿಕಪ್

ಎಲ್ಲಾರಿಗೂ ಶರಣ್ರಿ. ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ಬೈ ಫೋರ್. ಮುಂದ ಕಾಯಿಲ್ ಸ್ಪ್ರಿಂಗ್, ಹಿಂದ ಪಾಟಾ. ಮುಂದಿನ ಎರಡೂ ಶಾಕ್ ಎಣ್ಣಿ ಬಿಡ್ಲತ್ತಾವ, ಹೆಂಗೂ ಬದಲಿ ಮಾಡಬೇಕು. ಆ ಕೆಲಸದಾಗೇ ಮೈಮ್ಯಾಲ ಕಚ್ಚು ಇದ್ದು ಎತ್ತರ ಹೊಂದಿಸೋ ಶಾಕ್ ಹಾಕಿ ಮೂತಿ ಎತ್ತಿ, ಹಿಂದು ಮುಂದು ಸಮ ಮಾಡಬೇಕಂತ ವಿಚಾರ.

ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ಅಳತಿ: ಮುಂದ ಎಡಕ್ಕ 496 ಮಿ.ಮೀ., ಬಲಕ್ಕ 490. ಹಿಂದ ಎಡಕ್ಕ 540, ಬಲಕ್ಕ 538. ಅಂದ್ರ ಹತ್ರ ಹತ್ರ 46 ಮಿ.ಮೀ. ಫರಕು. ಕಲಬುರಗ್ಯಾಗ ಒಂದು ಅಂಗಡಿಯವರು ಎಲ್ಲಾಕ್ಕಿಂತ ಮ್ಯಾಲಿನ ಕಚ್ಚಿಗೆ ಹಾಕಿ ಎರಡು ಇಂಚು ಎತ್ತರಿ ಅಂತಾರ. ಇನ್ನೊಬ್ಬರು ಶಾಕ್ ಬ್ಯಾಡ, 25 ಮಿ.ಮೀ. ಸ್ಪೇಸರ್ (ಶಾಕಿನ ತಲಿ ಮ್ಯಾಲ ಇಡೋ ದಪ್ಪ ಬಿಲ್ಲಿ) ಸಾಕು, ಅಗ್ಗದಾಗ ಆಗ್ತದ ಅಂತಾರ. ಮತ್ತೊಂದು ಕಡಿ ಒಂಬತ್ತು ನಂಬರಿನ ತಿರುಗಣಿ ಇರೋ ಶಾಕ್ ತೋರಿಸಿದ್ರು.

ಸುಗ್ಗಿಯಾಗ ನಾಕು ಚೀಲ ತೊಗರಿ, 50 ಕಿಲೋದವು, ನೆಹರೂ ಗಂಜಿಗೆ ಹೋಗ್ತಾವ. ಮಳಿಗಾಲದಾಗ ಎರಿ ಹೊಲದ ದಾರಿ. ಯಾವುದು ಸರಿ, ಎಷ್ಟು ಎತ್ತಬೇಕು, ಆಮ್ಯಾಲ ಏನೇನು ನೋಡಬೇಕು ಅಂತ ತಿಳಿದವರು ಹೇಳ್ರಿ.

ಶಹಾಬಾದ್_ಫರಸಿ

ಮೊದಲ ತಿರುಗಣಿ ಶಾಕಿಂದು ಹೇಳ್ತೀನಿ, ಇದರಾಗ ಭಾಳ ಮಂದಿ ರೊಕ್ಕ ಕಳ್ಕೋತಾರ. ‘ಅಡ್ಜಸ್ಟೆಬಲ್’ ಅನ್ನೋ ಒಂದೇ ಹೆಸರಿನ ಮ್ಯಾಲ ಎರಡು ಬ್ಯಾರೆ ಸಾಮಾನು ಮಾರ್ತಾರ. ತಿರುಗಣಿ ಇರೋದು ಶಾಕ್ ಎಷ್ಟು ಬಿಗಿ ಅನ್ನೋದಷ್ಟೇ ಬದಲಿಸ್ತದ. ಒಂದಕ್ಕ ಇಟ್ರೂ ಒಂಬತ್ತಕ್ಕ ಇಟ್ರೂ ನಿಂತ ಗಾಡಿ ಎತ್ತರ ಒಂದೇ. ನಿಮಗ ಬೇಕಾದ್ದು ಶಾಕಿನ ಮೈಮ್ಯಾಲ ಸುತ್ತ ಕಚ್ಚು ಕೊರೆದಿದ್ದು. ಕಚ್ಚಿನಾಗ ಸರ್ಕ್ಲಿಪ್ (ಬಾಯಿ ಬಿಟ್ಟ ಬಳಿಯಂಥ ಕ್ಲಿಪ್) ಕೂಡ್ತದ, ಸರ್ಕ್ಲಿಪ್ ಮ್ಯಾಲ ಸ್ಪ್ರಿಂಗ್ ಸೀಟು ಕೂಡ್ತದ. ಬಿಲ್‌ಸ್ಟೀನ್ 5100 ಅನ್ನೋದು ಈ ಜಾತಿದು. ಯಾವ ಕಂಪನಿದು ತಗೊಂಡ್ರೂ ನಿಮ್ಮ ಗಾಡಿ ಮಾಡೆಲಿನ ಪಾರ್ಟ್ ನಂಬರ್ ಇರಬೇಕು. ‘ಹತ್ರ ಹತ್ರ ಕೂಡ್ತದ’ ಅಂದ್ರ ಮುಟ್ಟಬ್ಯಾಡ್ರಿ.

ಇನ್ನ ನಿಮ್ಮ 46 ಮಿ.ಮೀ. ಲೆಕ್ಕ. ಅದನ್ನ ನಂಬಬ್ಯಾಡ್ರಿ. ಮುಂದಿನ ಮಡ್‌ಗಾರ್ಡ್ ಕಮಾನು ಹಿಂದಿನ ಕಮಾನು ಕಂಪನಿಯವರು ಒಂದೇ ಎತ್ತರಕ್ಕ ಕತ್ತರಿಸಿರಂಗಿಲ್ಲ. ಆ ಅಳತಿ ಎಡಬಲ ನೋಡ್ಲಿಕ್ಕ, ಎತ್ತೋದಕ್ಕ ಮೊದಲು-ನಂತರ ನೋಡ್ಲಿಕ್ಕ ಛಲೋ. ಗಾಡಿ ಎಷ್ಟು ವಾಲ್ಯದ ಅನ್ನೋದಕ್ಕ ಬಾಗಲ ಕೆಳಗಿನ ಸಿಲ್ ಅಂಚು ನೋಡ್ರಿ. ಅದರ ಮ್ಯಾಲ 1.6 ಮೀಟರ್ ಅಂತರದಾಗ ಎರಡು ಗುರುತು ಮಾಡಿ, ಎರಡೂ ಕಡಿ ನೆಲದಿಂದ ಅಳೀರಿ.

ನೆಲ ಸಮ ಇರಬೇಕು. ಫರಸಿ ಹಾಸಿದ ಅಂಗಳ ಕಣ್ಣಿಗೆ ಸಮ ಕಾಣ್ತದ, ಆದ್ರ ನೀರು ಹರೀಲಿ ಅಂತ ಗೌಂಡಿ ಇಳಿಜಾರು ಕೊಟ್ಟಿರ್ತಾನ. ಅವನ ಹತ್ರನೇ ಇರೋ ನೀರಿನ ಲೆವೆಲ್ ಪೈಪ್ ತಗೊಂಡು ನಾಕೂ ಚಕ್ರದ ಜಾಗಾ ನೋಡ್ರಿ. ಫರಕಿದ್ರ ಅದನ್ನ ಲೆಕ್ಕದಾಗ ಕಳೀರಿ. ಟೈರ್ ಗಾಳಿ ಬಾಗಲ ಸ್ಟಿಕರಿನಾಗ ಇದ್ದಷ್ಟು, ಟಾಕಿ ಅರ್ಧ. ಅಳಿಯೋದಕ್ಕ ಮೊದಲು ಗಾಡಿ ಹತ್ತು ಮೀಟರ್ ಹಿಂದ ಮುಂದ ಉರುಳಿಸ್ರಿ. ಖಾಲಿ ಇದ್ದಾಗ ಒಮ್ಮೆ, ನಾಕು ಚೀಲ ಹೇರಿ, ಕೂಡೋ ಮಂದಿ ಕೂತಾಗ ಒಮ್ಮೆ ಅಳೀರಿ. ಈ ಎರಡನೇ ಅಳತಿ ಯಾರೂ ಮಾಡಂಗಿಲ್ಲ. ನಿಮ್ಮ ಉತ್ತರ ಇರೋದು ಅದರಾಗೇ.

ಇದರ ಜೋಡಿ ಇನ್ನೂ ಮೂರು ಅಳತಿ ಬೇಕು:

ಒಂದು, ಲೋವರ್ ಆರ್ಮಿನ (ಚಾಸಿಯಿಂದ ಚಕ್ರದ ತನಕ ಚಾಚಿರೋ ಕೆಳಗಿನ ತೋಳು) ಒಳಗಿನ ಬೋಲ್ಟಿಂದ ಶಾಕಿನ ಕೆಳಗಿನ ಬೋಲ್ಟಿನ ತನಕ.
ಎರಡು, ಅದೇ ಒಳಗಿನ ಬೋಲ್ಟಿಂದ, ಆರ್ಮಿನ ಚಕ್ರದ ಕಡಿ ತುದಿಗೆ ಇರೋ ಬಾಲ್ ಜಾಯಿಂಟಿನ ನಡುವಿನ ತನಕ.
ಮೂರು, ಚಾಸಿ ಕೆಳಗ ಘೋಡಿ (ಗಾಡಿ ಹೊರೋ ಸ್ಟ್ಯಾಂಡ್) ಇಟ್ಟು ಮುಂದಿನ ಎರಡೂ ಚಕ್ರ ಜೋತು ಬಿಟ್ಟಾಗ ಚಕ್ರದ ನಡುವಿನಿಂದ ಮಡ್‌ಗಾರ್ಡ್ ತನಕ.

ಮೊಬೈಲಿನಾಗಿನ ಲೆವೆಲ್ ಆ್ಯಪ್ ಶಾಕಿಗೆ ಹಚ್ಚಿ, ಅದು ಎಷ್ಟು ಡಿಗ್ರಿ ವಾಲ್ಯದ ಅಂತನೂ ಬರ್ಕೊಳ್ರಿ.

ಯಾದಗಿರಿ_ಪಾನಾ

ಸ್ಪೇಸರಿನ ಮಾತಿಗೆ ಬರ್ತೀನಿ. ಶಾಕ್ ಕೂತಿರೋದು ಆರ್ಮಿನ ತುದಿಗಲ್ಲ, ಹತ್ರ ಹತ್ರ ನಡುವ. ಅದಕ್ಕ ಶಾಕಿನ ಹತ್ರ ಒಂದು ಪಟ್ಟು ಎತ್ತಿದ್ರ ಚಕ್ರದ ಹತ್ರ ಸುಮಾರು ಎರಡು ಪಟ್ಟು ಆಗ್ತದ. 25 ಮಿ.ಮೀ. ಸ್ಪೇಸರ್ ಹಾಕಿದ್ರ ಗಾಡಿ 25 ಅಲ್ಲ, 48ರ ಆಸುಪಾಸು ಏರ್ತದ. ಅಂಗಡ್ಯಾಗ ಹೇಳಿದವರಿಗೆ ಇದು ಗೊತ್ತದೋ ಇಲ್ಲೋ ಕೇಳ್ರಿ.

ಇನ್ನೊಂದು, ಸ್ಪೇಸರ್ ಕೂಡೋದು ಶಾಕಿನ ತಲಿ ಮ್ಯಾಲ. ಇಡೀ ಶಾಕೇ ಕೆಳಗ ಸರೀತದ. ಚಕ್ರ ಜೋತು ಬಿದ್ದಾಗ ಆರ್ಮು ಮೊದಲಿಗಿಂತ ಕೆಳಗ ಹೋಗ್ತದ, ಬಾಲ್ ಜಾಯಿಂಟೂ ಸಿವಿ ಜಾಯಿಂಟೂ (ಮುಂದಿನ ಚಕ್ರ ತಿರುಗಿಸೋ ಆಕ್ಸಲಿನ ಬಾಗೋ ಗಂಟು) ತಮ್ಮ ಮಿತಿ ಮುಟ್ತಾವ. ಗುಂಡಿಗೆ ಬಿದ್ದು ಚಕ್ರ ಮ್ಯಾಲ ಬಂದಾಗ ಬಂಪ್ ಸ್ಟಾಪ್ ರಬ್ಬರ್ ತಟ್ಟೋದಕ್ಕಿಂತ ಮೊದಲ ಶಾಕ್ ಒಳಗೇ ತಳ ಹಿಡೀಬಹುದು. ಕಚ್ಚಿನ ಶಾಕಿನಾಗ ಶಾಕಿನ ಎರಡೂ ತುದಿ ಇದ್ದಲ್ಲೇ ಇರ್ತಾವ, ಸ್ಪ್ರಿಂಗ್ ಸೀಟಷ್ಟೇ ಏರ್ತದ. ನಿಮ್ಮ ಶಾಕ್ ಹೆಂಗೂ ಹೋಗ್ಯಾವ, ಸ್ಪೇಸರ್ ವಿಚಾರ ಬಿಡ್ರಿ.

ಸ್ಪ್ರಿಂಗ್ ಒತ್ತಿದ್ರ ಗಾಡಿ ಬಿರುಸು ಆಗ್ತದ ಅಂತ ಯಾರಾದ್ರೂ ಅಂದಾರು. ಸ್ಪ್ರಿಂಗ್ ಅದೇ, ಭಾರ ಅದೇ, ಹಂಗಾಗಿ ಗಾಡಿ ನೆಲದ ಮ್ಯಾಲ ನಿಂತಾಗ ಸ್ಪ್ರಿಂಗಿನ ಉದ್ದನೂ ಅದೇ. ಸೀಟು ಏರಿದಷ್ಟು ಗಾಡಿ ಏರ್ತದ, ಅಷ್ಟೇ. ಬಿರುಸು ಅನ್ನಿಸೋದು ಹೊಸ ಗ್ಯಾಸ್ ಶಾಕಿನ ಬಿಗಿಯಿಂದ, ಮತ್ತ ಚಕ್ರ ಕೆಳಗ ಇಳಿಯೋ ಜಾಗಾ ಕಮ್ಮಿ ಆಗಿದ್ದರಿಂದ. ಆ ಜಾಗಾ ಭಾಳ ಕಮ್ಮಿ ಆದ್ರ ಸ್ಪೀಡ್ ಬ್ರೇಕರ್ ಇಳಿಯೋವಾಗ ಮುಂದ ‘ಟಕ್’ ಅಂತ ಬಡೀತದ. ಫರಸಿ ಅಣ್ಣಾರು ಜೋತು ಬಿಟ್ಟ ಅಳತಿ ಕೇಳಿದ್ದು ಅದಕ್ಕೇ.

ಆಳಂದ_ಪಿಕಪ್

ಇಬ್ಬರಿಗೂ ಧನ್ಯವಾದ್ರಿ. ಪೈಪ್ ಹಿಡಿದು ನೆಲ ನೋಡಿ ಅಳದೀನಿ.

ಖಾಲಿ ಗಾಡಿ: ಸಿಲ್ ಮ್ಯಾಲ 1.6 ಮೀಟರಿನಾಗ ಮುಂದ 22 ಮಿ.ಮೀ. ತಗ್ಗು. ನಾಕು ಚೀಲ, ಇಬ್ಬರು ಕೂತಾಗ: 14 ಮಿ.ಮೀ. ತಗ್ಗು. ಒಳ ಬೋಲ್ಟಿಂದ ಶಾಕಿನ ತನಕ 215 ಮಿ.ಮೀ., ಬಾಲ್ ಜಾಯಿಂಟ್ ತನಕ 390. ಶಾಕ್ 18 ಡಿಗ್ರಿ ವಾಲ್ಯದ. ಜೋತು ಬಿಟ್ಟಾಗ ಸರಾಸರಿ 570 ಮಿ.ಮೀ. ನೋಡಿಟ್ಟ ಶಾಕಿನ ಕಾಗದದಾಗ ಕಚ್ಚುಗಳ ಎತ್ತರ 0, 7, 14, 21 ಮಿ.ಮೀ. ಅಂತದ.

ಶಹಾಬಾದ್_ಫರಸಿ

ಈಗ ಲೆಕ್ಕ ಹಾಕೋಣ. ನಿಮ್ಮ ಗಾಡಿ ವೀಲ್‌ಬೇಸ್, ಅಂದ್ರ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನ ತನಕ, 3,095 ಮಿ.ಮೀ. 1.6 ಮೀಟರಿಗೆ 22 ಅಂದ್ರ ಚಕ್ರದಿಂದ ಚಕ್ರಕ್ಕ 22 × 3,095 ÷ 1,600, ಹತ್ರ ಹತ್ರ 43 ಮಿ.ಮೀ. ಭಾರ ಹೇರಿದಾಗ 14 × 3,095 ÷ 1,600, ಅಂದ್ರ 27 ಮಿ.ಮೀ.

ಆ 27ನೇ ನಿಮ್ಮ ಮ್ಯಾಲಿನ ಮಿತಿ. ಕಂಪನಿಯವರು ಮೂತಿ ತಗ್ಗು ಇಟ್ಟಿದ್ದು ಚಂದಕ್ಕಲ್ಲ, ಹಿಂದ ಭಾರ ಬಿದ್ದಾಗ ಗಾಡಿ ಸಮ ಆಗ್ಲಿ ಅಂತ. ಖಾಲಿ ಗಾಡಿ ಪೂರಾ ಸಮ ಮಾಡಿದ್ರ ತೊಗರಿ ಹೇರಿದ ದಿನ ಮೂತಿ ಆಕಾಶ ನೋಡ್ತದ, ಸ್ಟೇರಿಂಗ್ ತೇಲಿದಂಗ ಆಗ್ತದ. ಎರಡು ಇಂಚು ಅಂದ್ರ 50 ಮಿ.ಮೀ. ಅದು ಖಾಲಿ ಗಾಡಿಗೇ 7 ಮಿ.ಮೀ. ಜಾಸ್ತಿ, ಹೇರಿದ ಗಾಡಿಗೆ 23 ಮಿ.ಮೀ. ಜಾಸ್ತಿ.

ಶಾಕಿನ ಪಾಲು: 215 ÷ 390 = 0.55. ಶಾಕ್ 18 ಡಿಗ್ರಿ ವಾಲಿದ್ದಕ್ಕ ಅದನ್ನ 0.95ರಿಂದ ಗುಣಿಸ್ರಿ, 0.52 ಬರ್ತದ. 14ರ ಕಚ್ಚಿಗೆ ಹಾಕಿದ್ರ 14 ÷ 0.52 = 27 ಮಿ.ಮೀ. ಎತ್ತರ. ಖಾಲಿ ಇದ್ದಾಗ 16 ಮಿ.ಮೀ. ತಗ್ಗು ಉಳೀತದ, ಭಾರ ಇದ್ದಾಗ ಸಮ. ಇದಕ್ಕಿಂತ ಸರಿಯಾಗಿ ಕೂಡೋದು ಸಿಗಂಗಿಲ್ಲ. 14 ಹಾಕ್ರಿ. ಆದ್ರ ಕಾಗದದಾಗಿನ ನಂಬರ್ ಕಚ್ಚಿನ ಎತ್ತರಾನೋ ಚಕ್ರದ ಹತ್ರ ಏರೋ ಎತ್ತರಾನೋ ಅಂತ ಖಾತ್ರಿ ಮಾಡ್ಕೋರಿ, ಕೆಲವು ಕಂಪನಿ ಎರಡನೇದನ್ನ ಬರೀತಾವ. ಶಾಕ್ ಕೈಗೆ ಬಂದ ಮ್ಯಾಲ ಕೆಳಗಿನ ಕಚ್ಚಿಂದ ಮೂರನೇ ಕಚ್ಚಿನ ತನಕ ವರ್ನಿಯರ್ ಹಚ್ಚಿದ್ರ ತಿಳೀತದ.

ಬಲಕ್ಕ 6 ಮಿ.ಮೀ. ತಗ್ಗು ಇರೋದನ್ನ ಸರಿ ಮಾಡ್ಲಿಕ್ಕ ಬಲದ ಶಾಕ್ ಒಂದು ಕಚ್ಚು ಮ್ಯಾಲ ಹಾಕಬ್ಯಾಡ್ರಿ. ಒಂದು ಕಚ್ಚು ಅಂದ್ರ ಚಕ್ರದ ಹತ್ರ 13 ಮಿ.ಮೀ., ಆಗ ಗಾಡಿ ಎಡಕ್ಕ ವಾಲ್ತದ. ಬಿಚ್ಚಿದಾಗ ಎರಡೂ ಸ್ಪ್ರಿಂಗ್ ಜೋಡಿ ನಿಲ್ಲಿಸಿ ಉದ್ದ ನೋಡ್ರಿ. ಡ್ರೈವರ್ ಕಡಿಂದು ಕುಸಿದಿದ್ರ ಸ್ಪ್ರಿಂಗ್ ಬದಲಿಸೋದೇ ಸರಿ, ಬದಲಿಸಿದ್ರ ಎರಡೂ ಬದಲಿಸ್ರಿ. ಕೆಲವು ಗಾಡಿಗೆ ಎಡಬಲದ ಸ್ಪ್ರಿಂಗ್ ಪಾರ್ಟ್ ನಂಬರೇ ಬ್ಯಾರೆ ಇರ್ತದ, ಅದಕ್ಕ ಬಿಚ್ಚೋವಾಗ ಸುಣ್ಣದಕಡ್ಡಿಲೆ ‘ಎ’ ‘ಬ’ ಅಂತ ಬರೀರಿ.

ಕೆಳಗ ಇಳಿಯೋ ಜಾಗಾ ಈಗ 570 − 493 = 77 ಮಿ.ಮೀ. ಎತ್ತಿದ ಮ್ಯಾಲ 50 ಉಳೀತದ. ನಡೀತದ. ಎಲ್ಲಾಕ್ಕಿಂತ ಮ್ಯಾಲಿನ 21ರ ಕಚ್ಚಿಗೆ ಹಾಕಿದ್ರ 37 ಅಷ್ಟೇ ಉಳೀತಿತ್ತು. ಆ ‘ಟಕ್’ ಸಪ್ಪಳ ಹುಟ್ಟೋದೇ ಅಲ್ಲಿ.

ಯಾದಗಿರಿ_ಪಾನಾ

ಕೆಲಸದ ಕ್ರಮ ಬರೀತೀನಿ. ಗ್ಯಾರೇಜಿನಾಗ ಮಾಡಿಸಿದ್ರೂ ಬಾಜೂಕ ನಿಂತು ನೋಡ್ಲಿಕ್ಕ ಬರ್ತದ.

ಚಾಸಿ ಕೆಳಗ ಎರಡೂ ಕಡಿ ಘೋಡಿ, ಜಾಕ್ ಮ್ಯಾಲ ಬಿಟ್ಟು ಕೈ ಹಾಕಬ್ಯಾಡ್ರಿ. ಸ್ಟೆಬಿಲೈಜರ್ ಬಾರಿನ (ಎಡಬಲದ ಆರ್ಮು ಕೂಡಿಸೋ ರಾಡು) ಲಿಂಕ್ ಎರಡೂ ಕಡಿ ಒಮ್ಮೆಲೆ ಬಿಚ್ಚಬೇಕು. ಒಂದೇ ಕಡಿ ಬಿಚ್ಚಿದ್ರ ಬಾರು ತಿರುಚಿ ಆರ್ಮನ್ನ ಒತ್ತಿ ಹಿಡೀತದ. ಬ್ರೇಕ್ ಹೋಸಿನ ಬ್ರಾಕೆಟ್, ಎಬಿಎಸ್ ವಾಯರಿನ ಕ್ಲಿಪ್ ತೆಗೀರಿ. ಇಲ್ಲಾಂದ್ರ ಆರ್ಮು ಕೆಳಗ ಒತ್ತಿದಾಗ ವಾಯರ್ ಹರೀತದ. ಆಮ್ಯಾಲ ಶಾಕಿನ ತಲಿ ಸುತ್ತ ಇರೋ ಸಣ್ಣ ನಟ್‌ಗಳು, ಕೆಳಗಿನ ಬೋಲ್ಟ್ ತೆಗೆದು ಇಡೀ ಜೋಡಣಿ ಹೊರಗ ತೆಗೀರಿ. ತಲಿ ನಡುವಿನ ದೊಡ್ಡ ನಟ್ ಮಾತ್ರ ಮುಟ್ಟಬ್ಯಾಡ್ರಿ. ಸ್ಪ್ರಿಂಗಿನ ಬಲ ಅಷ್ಟೂ ಹಿಡಿದಿರೋದು ಅದೊಂದೇ ನಟ್. ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಹಾಕದೇ ಬಿಚ್ಚಿದ್ರ ಜೀವಕ್ಕೇ ಅಪಾಯ. ಎರಡು ಉದ್ದ ಬೋಲ್ಟಿನ ಕೈ ಕಂಪ್ರೆಸರ್ ಪಿಕಪ್ಪಿನ ದಪ್ಪ ಸ್ಪ್ರಿಂಗಿಗೆ ಜಾರ್ತದ. ನೆಲಕ್ಕೋ ಗೋಡೆಗೋ ಕೂಡಿಸಿದ ಕಂಪ್ರೆಸರ್ ಇರೋ ಗ್ಯಾರೇಜ್ ಹುಡುಕ್ರಿ.

ಇನ್ನ ಸರ್ಕ್ಲಿಪ್. ಇಡೀ ಕೆಲಸದಾಗ ಕಣ್ಣಿಟ್ಟು ನೋಡಬೇಕಾದ ಜಾಗಾ ಇದೊಂದು. ಕಚ್ಚನ್ನ ಬಟ್ಟಿಲೆ ಒರೆಸಿ, ಕ್ಲಿಪ್ಪನ್ನ ಬೇಕಾಗೋದಕ್ಕಿಂತ ಜಾಸ್ತಿ ಅಗಲಿಸದಂಗ ಮ್ಯಾಲಿಂದ ಸರಿಸ್ರಿ. ಜಾಸ್ತಿ ಹಿಗ್ಗಿಸಿದ ಕ್ಲಿಪ್ ಮತ್ತ ಗುಂಡಗಾಗಂಗಿಲ್ಲ, ಕಚ್ಚಿನಾಗ ಸಡಿಲ ಕೂಡ್ತದ. ಕೂತ ಮ್ಯಾಲ ಉಗುರಿಲೆ ಸುತ್ತ ಎಳೆದು ನೋಡ್ರಿ, ಎಲ್ಲೂ ಎದ್ದಿರಬಾರದು. ಕ್ಲಿಪ್ಪನ್ನ ಹಿಡಕೊಂಡು ತಿರುಗಿಸಿದ್ರ ಕಚ್ಚಿನೊಳಗೇ ಜಾರಿ ತಿರುಗಬೇಕು. ಸೀಟಿನ ಒಂದು ಮುಖದಾಗ ಕ್ಲಿಪ್ ಮುಚ್ಚೋ ತಗ್ಗು ಇರ್ತದ, ಆ ಮುಖ ಕೆಳಗಿರಬೇಕು. ಸೀಟು ಕ್ಲಿಪ್ಪಿನ ಮ್ಯಾಲ ಬಂದು ಕೂತಾಗ ಕ್ಲಿಪ್ ಹೊರಗಿನಿಂದ ಕಾಣಬಾರದು. ತಲಿಕೆಳಗ ಹಾಕಿದ್ರ ಮೊದಲ ಗುಂಡಿಗೇ ಕ್ಲಿಪ್ ಹಾರಿ, ಸೀಟು ಶಾಕಿನ ಮೈ ಕೆರಕೋತ ಕೆಳಗ ಕೂಡ್ತದ. ಆ ಕಡಿ ಗಾಡಿ ಒಮ್ಮೆಲೆ ಕುಸೀತದ.

ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಲಕ್ಕ ತಾಗಬೇಕು. ಮ್ಯಾಲಿನ ರಬ್ಬರ್ ಸೀಳಿದ್ರ ಬದಲಿಸ್ರಿ. ಶಾಕಿನ ಜೋಡಿ ಬಂದ ಹೊಸ ನೈಲಾನ್ ನಟ್ಟೇ ಹಾಕ್ರಿ. ರಾಡನ್ನ ಇಕ್ಕಳದಾಗ ಹಿಡೀಬ್ಯಾಡ್ರಿ, ಒಂದು ಗೆರಿ ಬಿದ್ರೂ ಸೀಲ್ ಹರಿದು ಎಣ್ಣಿ ಬರ್ತದ.

ಎಲ್ಲಾ ಕೂಡಿಸಿದ ಮ್ಯಾಲ ಶಾಕಿನ ಕೆಳಗಿನ ಬೋಲ್ಟು, ಸಡಿಲ ಮಾಡಿದ್ರ ಆರ್ಮಿನ ಬೋಲ್ಟುಗಳು, ಇವನ್ನ ಚಕ್ರ ಜೋತು ಬಿದ್ದಾಗ ಬಿಗಿ ಮಾಡಬ್ಯಾಡ್ರಿ. ಗಾಡಿ ನೆಲಕ್ಕ ಇಳಿಸಿ, ನಾಕು ಸಲ ಬಂಪರ್ ಒತ್ತಿ, ಭಾರ ಬಿದ್ದ ಮ್ಯಾಲ ಟಾರ್ಕ್ ಪಾನಾದಿಂದ ಕಂಪನಿ ಹೇಳಿದಷ್ಟು ಬಿಗಿ ಮಾಡ್ರಿ. ಬೋಲ್ಟ್ ಹಾಯೋ ಬುಷ್ ಒಳಗಿನ ರಬ್ಬರ್ ಕಬ್ಬಿಣಕ್ಕ ಅಂಟಿರ್ತದ. ಜೋತು ಬಿದ್ದಾಗ ಬಿಗಿ ಮಾಡಿದ್ರ ಅದು ಯಾವಾಗ್ಲೂ ತಿರುಚಿದಂಗೇ ಇದ್ದು ಬ್ಯಾಗ ಹರೀತದ.

ಬೀದರ್_ಮುರುಮು

ಮೇಲಿನ ಲೆಕ್ಕ ಸರಿಯಾಗಿದೆ. ನಾನು ಅಲೈನ್‌ಮೆಂಟ್ ಮತ್ತು ದೀಪದ ಬಗ್ಗೆ ಬರೆಯುತ್ತೇನೆ. ನಮ್ಮ ಕಡೆ ಇವೆರಡನ್ನೂ ‘ಆಮೇಲೆ ನೋಡೋಣ’ ಎಂದು ಬಿಡುವುದೇ ಹೆಚ್ಚು.

ಮುಂಭಾಗ ಎತ್ತಿದಾಗ ಚಕ್ರದ ಮೂರು ಕೋನಗಳೂ ಬದಲಾಗುತ್ತವೆ: ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವುದು), ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ವಾಲಿರುವುದು). ಟೋ ಬದಲಾದರೆ ಟೈರು ಸವೆಯುತ್ತದೆ. ಟೈರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಗೆ ಒಮ್ಮೆ, ಹೊರಗಿನಿಂದ ಒಳಗೆ ಒಮ್ಮೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ತಪ್ಪಿದೆ ಎಂದರ್ಥ. ಕ್ಯಾಸ್ಟರ್ ಕಡಿಮೆಯಾದರೆ ಟೈರಿನಲ್ಲಿ ಗುರುತು ಸಿಗುವುದಿಲ್ಲ, ಸ್ಟೇರಿಂಗಿನಲ್ಲಿ ಸಿಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ, ಹುಮನಾಬಾದ್ ರಸ್ತೆಯಲ್ಲಿ 80ರ ಮೇಲೆ ಹೋದಾಗ ಗಾಡಿ ಅತ್ತಿತ್ತ ಅಲೆಯುತ್ತದೆ.

ಅಲೈನ್‌ಮೆಂಟ್ ಅಂಗಡಿಗಳಲ್ಲಿ ಟೋ ಒಂದನ್ನೇ ತಿರುಗಿಸಿ ‘ಹಸಿರು ಬಂತು’ ಎಂದು ಕಳಿಸುವುದುಂಟು. ಮೊದಲೇ ಹೇಳಿ: ಕ್ಯಾಸ್ಟರ್ ಮೊದಲು, ನಂತರ ಕ್ಯಾಂಬರ್, ಕೊನೆಗೆ ಟೋ. ಹಿಂದುಮುಂದಾದರೆ ಮೊದಲು ಇಟ್ಟ ಟೋ ಮತ್ತೆ ಕೆಡುತ್ತದೆ. ಎಡಬಲಗಳ ಕ್ಯಾಸ್ಟರ್ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ ಇರಲಿ, ಇಲ್ಲವಾದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ. ಕೆಳ ಆರ್ಮಿನ ಹೊಂದಾಣಿಕೆ ಬೋಲ್ಟುಗಳು ಕೆಸರು, ತುಕ್ಕಿನಿಂದ ಹಿಡಿದುಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹೋಗಿ, ಇಲ್ಲದಿದ್ದರೆ ‘ಇದು ತಿರುಗೋದಿಲ್ಲ’ ಎಂಬ ಉತ್ತರ ಖಚಿತ. 27 ಮಿ.ಮೀ.ಗೆ ಬೇರೆ ಮೇಲಿನ ಆರ್ಮ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೊಂದಾಣಿಕೆ ಕೊನೆ ಮುಟ್ಟಿದರೂ ಕ್ಯಾಸ್ಟರ್ ಬರದಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ದೀಪ: 3,095ಕ್ಕೆ 27 ಎತ್ತಿದರೆ 0.87 ಪ್ರತಿಶತ ಓರೆ. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಬೆಳಕು ಸುಮಾರು 9 ಸೆಂ.ಮೀ. ಮೇಲೇರುತ್ತದೆ. ಕೆಳದೀಪ ಹತ್ತು ಮೀಟರಿಗೆ ಸುಮಾರು 10 ಸೆಂ.ಮೀ. ಇಳಿಯುವಂತೆ ಇಡುವುದು ವಾಡಿಕೆ. ಅಂದರೆ ಆ ಇಳಿತ ಬಹುತೇಕ ಹೋಗಿ ಬೆಳಕು ನೇರವಾಗಿ ಎದುರಿನವರ ಕಣ್ಣಿಗೆ ಬೀಳುತ್ತದೆ. ಶಾಕ್ ಬದಲಿಸುವ ಮುನ್ನವೇ ಗಾಡಿಯನ್ನು ಗೋಡೆಗೆ ಹತ್ತು ಮೀಟರ್ ದೂರ ನಿಲ್ಲಿಸಿ, ಬೆಳಕಿನ ಮೇಲಂಚಿಗೆ ಟೇಪ್ ಅಂಟಿಸಿ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಟೇಪಿಗೆ ತನ್ನಿ. ಆದರೆ ದೀಪವೇ 27 ಮಿ.ಮೀ. ಮೇಲೆ ಹೋಗಿರುವುದರಿಂದ ಬೆಳಕಿನ ಅಂಚು ಟೇಪಿಗಿಂತ ಅಷ್ಟು ಮೇಲೆ ನಿಂತರೆ ಸರಿ. ಒಳಗೆ ದೀಪ ಇಳಿಸುವ ಚಕ್ರ ಇದ್ದರೆ ಅದನ್ನು ಸೊನ್ನೆಗೆ ಇಟ್ಟುಕೊಂಡೇ ಈ ಕೆಲಸ ಮಾಡಿ.

ಇನ್ನೊಂದು ಮಾತು. ಆರ್‌ಸಿಯಲ್ಲಿ ಖಾಲಿ ತೂಕ ಮತ್ತು ಭಾರ ಸಹಿತ ತೂಕ ಎರಡೂ ಇರುತ್ತವೆ. ವ್ಯತ್ಯಾಸದಿಂದ ಕೂರುವವರ ತೂಕ ಕಳೆದು ಉಳಿದಷ್ಟೇ ಚೀಲ ಹೇರಬೇಕು. ಶಾಕ್ ಬದಲಿಸಿದರೆ ಆ ಮಿತಿ ಏರುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಸಸ್ಪೆನ್ಷನ್ ಭಾಗದ ಕ್ಲೇಮಿಗೆ ತೊಂದರೆ ಬರಬಹುದು. ವಿಮೆಯವರಿಗೂ ಬದಲಾವಣೆಯನ್ನು ಬರೆದು ತಿಳಿಸಿ.

ಆಳಂದ_ಪಿಕಪ್

ಲೆಕ್ಕ ಪೂರಾ ತಿಳೀತ್ರಿ, 14ರ ಕಚ್ಚಿಗೇ ಹಾಕಿಸ್ತೀನಿ. ಎರಡು ಉಳದಾವ: ಸಿವಿ ಜಾಯಿಂಟಿಗೆ ಇಷ್ಟಕ್ಕ ಏನಾದ್ರೂ ತ್ರಾಸ ಅದನು? ಎರಿಮಣ್ಣು ಕಚ್ಚಿನಾಗ ತುಂಬ್ತದನು?

ಯಾದಗಿರಿ_ಪಾನಾ

27 ಮಿ.ಮೀ.ಗೆ ಸಿವಿ ಜಾಯಿಂಟಿನ ಓರೆ ಕಮ್ಮಿ ಮಾಡ್ಲಿಕ್ಕ ಹಾಕೋ ಡಿಫರೆನ್ಷಿಯಲ್ ಇಳಿಸೋ ಕಿಟ್ ಬೇಕಿಲ್ರಿ. ಆದ್ರ ಹೊಸ ಶಾಕ್ ಹಳೇದಕ್ಕಿಂತ ಉದ್ದ ಅದನೋ ನೋಡ್ರಿ. ಎರಡನ್ನೂ ಪೂರಾ ಹಿಗ್ಗಿಸಿ ಜೋಡಿ ಮಲಗಿಸಿ, ಕೆಳಗಿನ ಬೋಲ್ಟಿನ ತೂತಿಂದ ತಲಿ ಕೂಡೋ ಜಾಗಾದ ತನಕ ಅಳೀರಿ. ಹೊಸದು 10 ಮಿ.ಮೀ. ಉದ್ದ ಇದ್ರ ಚಕ್ರ 19 ಮಿ.ಮೀ. ಜಾಸ್ತಿ ಇಳೀತದ. ಅದು ಛಲೋನೇ, ‘ಟಕ್’ ಇರಂಗಿಲ್ಲ. ಆದ್ರ ಆಗ ಸಿವಿ ತಪಾಸ ಮಾಡಲೇಬೇಕು: ಚಕ್ರ ಜೋತು ಬಿಟ್ಟು, ಸ್ಟೇರಿಂಗ್ ಪೂರಾ ಎಡಕ್ಕ ತಿರುಗಿಸಿ ಚಕ್ರ ಕೈಲೆ ಒಂದು ಸುತ್ತು ತಿರುಗಿಸ್ರಿ, ಹಂಗೇ ಬಲಕ್ಕ. ಎಲ್ಲೂ ಹಿಡೀಬಾರದು, ಸಿವಿ ಮ್ಯಾಲಿನ ರಬ್ಬರ್ ಬೂಟಿನ ಮಡಿಕಿ ಒಂದಕ್ಕೊಂದು ಉಜ್ಜಬಾರದು. ಅದೇ ಹೊತ್ತಿಗೆ ಮ್ಯಾಲಿನ ಆರ್ಮು ಸ್ಪ್ರಿಂಗಿಗೆ ತಾಗ್ತದನೋ ನೋಡ್ರಿ, ನಡುವ ಬೆರಳು ಹೋಗುವಷ್ಟು ಜಾಗಾ ಬೇಕು. ಬ್ರೇಕ್ ಹೋಸ್ ಎಲ್ಲೂ ಬಿಗಿದಿರಬಾರದು.

ಎರಿಮಣ್ಣು ಸುತ್ತು ಆಟೆ ಇರೋ ಕಾಯಿಲ್‌ಓವರಿಗೆ (ನಟ್ ತಿರುಗಿಸಿ ಎತ್ತರ ಹೊಂದಿಸೋ ಶಾಕ್) ದೊಡ್ಡ ಶತ್ರು, ಆಟೆ ತುಂಬಿ ಒಣಗಿದ್ರ ನಟ್ ತಿರುಗಂಗಿಲ್ಲ. ಕಚ್ಚಿನ ಶಾಕಿಗೆ ಅಷ್ಟು ತ್ರಾಸಿಲ್ಲ, ಅದಕ್ಕೇ ನಮ್ಮ ಕಡಿಗೆ ಇದು ಯೋಗ್ಯ. ಆದ್ರ ಸೀಟಿನ ಬಟ್ಟಲಿನಾಗ, ಸ್ಪ್ರಿಂಗಿನ ಕೆಳಗಿನ ಸುತ್ತಿನ ನಡುವ ಮಣ್ಣು ಕೂತು ಬ್ಯಾಸಗ್ಯಾಗ ಇಟ್ಟಂಗಿ ಆಗ್ತದ. ಹಸಿ ಇದ್ದಾಗಲೇ ನೀರು ಹೊಡೀರಿ. ಪ್ರೆಶರ್ ಪೈಪ್ ರಾಡಿನ ಸೀಲಿಗೆ ನೇರ ಹಿಡೀಬ್ಯಾಡ್ರಿ.

ಮೊನೊಟ್ಯೂಬ್, ಅಂದ್ರ ಒಂದೇ ಕೊಳವಿ ಇರೋ ಶಾಕಿಗೆ ಮಣ್ಣಿಗಿಂತ ಕಲ್ಲಿನ ಅಂಜಿಕಿ ಜಾಸ್ತಿ. ಅದರ ಪಿಸ್ಟನ್ ಹೊರಗಿನ ಕೊಳವಿಯೊಳಗೇ ಓಡಾಡ್ತದ, ಕೊಳವಿ ತಗ್ಗು ಬಿದ್ರ ಶಾಕ್ ಮುಗೀತು. ಎರಡು ಕೊಳವಿ ಇರೋ ಕಂಪನಿ ಶಾಕ್ ಒಂದು ಪೆಟ್ಟು ತಡಕೋತದ, ಇದು ತಡಕೊಳ್ಳಂಗಿಲ್ಲ. ಕಂಕರ್ ದಾರ್ಯಾಗ ಓಡಾಡಿದ ಮ್ಯಾಲ ಕೆಳಗಿನ ಅರ್ಧಕ್ಕ ಕೈ ಆಡಿಸಿ ನೋಡ್ರಿ.

100 ಕಿ.ಮೀ. ಓಡಿದ ಮ್ಯಾಲ ಎಲ್ಲಾ ಬೋಲ್ಟ್ ಮತ್ತೊಮ್ಮೆ ಟಾರ್ಕ್ ಪಾನಾ ಹಚ್ಚಿಸ್ರಿ. 500 ಕಿ.ಮೀ. ಆದ ಮ್ಯಾಲ ಅದೇ ಅಂಗಳದಾಗ, ಅದೇ ಗಾಳಿಗೆ ನಾಕೂ ಅಳತಿ ತಗೋರಿ. ಎರಡೂ ಕಡಿ ಒಂದೇ ಸಮ ಎರಡು ಮೂರು ಮಿ.ಮೀ. ಇಳಿದಿದ್ರ ಚಿಂತಿಲ್ಲ. ಒಂದೇ ಕಡಿ ಇಳಿದಿದ್ರ ಮೊದಲ ಸರ್ಕ್ಲಿಪ್ ನೋಡ್ರಿ.

ಆಳಂದ_ಪಿಕಪ್

ಆಗ್ಲಿ ಅಣ್ಣಾರ. ಅಲೈನ್‌ಮೆಂಟ್ ಪ್ರಿಂಟ್ ಎರಡೂ, 500 ಕಿ.ಮೀ. ಅಳತಿನೂ ಇಲ್ಲೇ ಹಾಕ್ತೀನಿ.